ಕೊಟ್ಟದ್ದು ಮುಟ್ಟಿತೇ?

(ಸಂಘದ ಬೆಳ್ಳಿಹಬ್ಬದ ಅಂಗವಾಗಿ ನಡೆದ ಸದಸ್ಯರ ಸಮಾವೇಶದಲ್ಲಿ ಮಾಡಿದ ಭಾಷಣದ ಬರಹ ರೂಪ)



ನಮಗೆ ಭಾಷಣ ಮಾಡಿ ಅಭ್ಯಾಸ ಇಲ್ಲ. ಓದಿದ್ದು ಎಸ್‌.ಎಸ್‌.ಎಲ್‌.ಸಿ. ವರೆಗೆ, ಆಮೇಲೆ ಗದ್ದೆ, ತೋಟ, ಹಟ್ಟಿ. ಆಡಳಿತ ಮಂಡಳಿಯವರು ಒಂದು ವಿಷಯ ಕೊಟ್ಟು ಇದರ ಬಗ್ಗೆ ಎರಡು ಮಾತು ಹೇಳಲೇಬೇಕು ಎಂದಿದ್ದಾರೆ. ಬೆಳ್ಳಿಹಬ್ಬದ ನೆನಪಿಗೆ ನಮ್ಮ ಸಂಘದಲ್ಲಿ ಒಂದು ನೆರೆ ನಿಧಿ ಮಾಡಬೇಕು, ಪ್ರತಿ ಸದಸ್ಯರೂ ವರ್ಷಕ್ಕೆ ಒಂದು ದಿನದ ಹಾಲಿನ ಹಣ ಅದಕ್ಕೆ ಕೊಡಬೇಕು ಎಂಬ ಪ್ರಸ್ತಾಪ ಬಂದಿದೆಯಲ್ಲ, ಅದೇ ವಿಷಯ. ಪ್ರಸ್ತಾಪ ಓದಿದ ಕೂಡಲೇ ಹಿಂದಿನ ಸಾಲಿನಿಂದ ಒಬ್ಬರು ಎದ್ದು ಕೇಳಿದರು: "ಹೋಯ್, ನಾವ್ ಕೊಟ್ಟದ್ದ್ ಅವ್ರಿಗ್ ಮುಟ್ಟತ್ತಾ?" ಕೆಲವರು ನಗಾಡಿದರು. ನಗುವ ಪ್ರಶ್ನೆ ಅದಲ್ಲ. ಕೊಡುವ ಪ್ರತಿಯೊಬ್ಬನೂ ಮನಸ್ಸಿನಲ್ಲಿ ಕೇಳಿಕೊಳ್ಳುವ ಪ್ರಶ್ನೆ ಅದು. ಅವರು ಬಾಯಿಬಿಟ್ಟು ಕೇಳಿದರು, ಅಷ್ಟೆ.

ಈ ಸಂಶಯ ಸುಮ್ಮನೆ ಹುಟ್ಟಿದ್ದಲ್ಲ. ಸರ್ಕಾರ ಬಡವರಿಗೆಂದು ಕಳಿಸುವ ಒಂದು ರೂಪಾಯಿಯಲ್ಲಿ ಅವರ ಕೈಗೆ ಸೇರುವುದು ಹದಿನೈದು ಪೈಸೆ ಮಾತ್ರ ಎಂದು 1985ರಲ್ಲಿ ಹೇಳಿದವರು ವಿರೋಧ ಪಕ್ಷದವರಲ್ಲ, ಆಗ ಪ್ರಧಾನಿಯಾಗಿದ್ದ ರಾಜೀವ್ ಗಾಂಧಿಯವರೇ. ನಮ್ಮ ರಾಜ್ಯದ್ದೇ ನೋಡುವ. 2009ರ ಸೆಪ್ಟೆಂಬರ್ ಕೊನೆ, ಅಕ್ಟೋಬರ್ ಮೊದಲಿಗೆ ಉತ್ತರ ಕರ್ನಾಟಕದಲ್ಲಿ ನೆರೆ ಬಂದು ಇನ್ನೂರಕ್ಕೂ ಹೆಚ್ಚು ಜನ ಸತ್ತರು. ಆಗಿನ ಮುಖ್ಯಮಂತ್ರಿ ಯಡಿಯೂರಪ್ಪನವರು ಪಾದಯಾತ್ರೆ ಮಾಡಿ ದೇಣಿಗೆ ಕೇಳಿದರು. ಜನ ಕೈಬಿಚ್ಚಿ ಕೊಟ್ಟರು. ದಾನಿ ಸಂಸ್ಥೆಗಳೂ ಸರ್ಕಾರವೂ ಸೇರಿ "ಆಸರೆ" ಎಂಬ ಹೆಸರಲ್ಲಿ ಹೊಸ ಊರುಗಳನ್ನೇ ಕಟ್ಟಿದರು. ಆದರೆ ಎಷ್ಟೋ ಕಡೆ ಆ ಮನೆಗಳಿಗೆ ಜನ ಹೋಗಲೇ ಇಲ್ಲ. ಹೊಲ ಒಂದು ಕಡೆ, ಮನೆ ಒಂದು ಕಡೆ. ದನ ಕಟ್ಟಲು ಜಾಗ ಇಲ್ಲ. ಕೆಲವು ಕಡೆ ಗೋಡೆ ಬಿರುಕು ಬಿಟ್ಟು, ಅಂಗಳದಲ್ಲಿ ಜಾಲಿ ಬೆಳೆಯಿತು. ಹಣ ಖರ್ಚಾದದ್ದು ಸುಳ್ಳಲ್ಲ, ಮನೆ ಎದ್ದದ್ದೂ ಸುಳ್ಳಲ್ಲ. ಆದರೆ ಮುಟ್ಟಿತು ಎಂದು ಹೇಳುವ ಹಾಗಿಲ್ಲ.

ಇನ್ನೊಂದು ಕೇರಳದ್ದು. 2018ರ ನೆರೆಯ ಪರಿಹಾರದ ಹಣದಲ್ಲಿ ಹತ್ತು ಲಕ್ಷಕ್ಕೂ ಮಿಕ್ಕಿ ಎರ್ನಾಕುಲಂ ಜಿಲ್ಲೆಯಲ್ಲಿ ನೆರೆಯಿಂದ ಏನೂ ಹೋಗದ ಒಬ್ಬರ ಖಾತೆಗೆ ಹೋಯಿತು. 2020ರಲ್ಲಿ ಅದು ಹೊರಬಂದು ಜಿಲ್ಲಾ ಕಚೇರಿಯ ನೌಕರನನ್ನೇ ಪೊಲೀಸರು ಹಿಡಿದರು. ನಾವು ತಲೆ ತಗ್ಗಿಸಬೇಕಾದ ಸಂಗತಿ ಏನೆಂದರೆ, ಆ ಖಾತೆ ಇದ್ದದ್ದು ಒಂದು ಸಹಕಾರಿ ಬ್ಯಾಂಕಿನಲ್ಲಿ. ಹಾಗಾಗಿ "ಈಗ ಎಲ್ಲ ನೇರ ಖಾತೆಗೇ ಬರುತ್ತದೆ, ಮೋಸಕ್ಕೆ ಜಾಗವೇ ಇಲ್ಲ" ಎಂದು ಹೇಳುವವರ ಮಾತನ್ನೂ ಪೂರ್ತಿ ನಂಬುವ ಹಾಗಿಲ್ಲ. ಖಾತೆ ಯಾರದ್ದು ಎಂದು ಕೇಳುವವರು ಬೇಕು.

ಇಷ್ಟು ಹೇಳಿದ ಮೇಲೆ ಇನ್ನೊಂದು ಬದಿಯನ್ನೂ ಹೇಳದಿದ್ದರೆ ತಪ್ಪಾಗುತ್ತದೆ. 2018ರ ಆಗಸ್ಟಿನಲ್ಲಿ ಕೊಡಗಿನಲ್ಲಿ ಗುಡ್ಡ ಜರಿದು ಮನೆ ಕಳೆದುಕೊಂಡವರಿಗೆ ಕರ್ಣಂಗೇರಿ, ಮದೆನಾಡು, ಜಂಬೂರುಗಳಲ್ಲಿ ಮನೆ ಆಯಿತು. ತಡ ಆಯಿತು, ಮದೆನಾಡು, ಜಂಬೂರಿನವರಿಗೆ ಕೀಲಿಕೈ ಸಿಕ್ಕಿದ್ದು 2020ರಲ್ಲಿ. ಆದರೂ ಸಿಕ್ಕಿತು. 2019ರ ನೆರೆಯಲ್ಲಿ ನೀರು ನುಗ್ಗಿದ ಮನೆಗಳಿಗೆ ಹತ್ತು ಸಾವಿರ ರೂಪಾಯಿ ತುರ್ತು ಪರಿಹಾರ ಖಾತೆಗೆ ಬಂತು. ಅನರ್ಹರ ಹೆಸರೂ ಪಟ್ಟಿಗೆ ಸೇರಿತು ಎಂಬ ದೂರು ಇತ್ತು, ಹೌದು. ಆದರೆ ನಿಜವಾಗಿ ಮುಳುಗಿದ ಎಷ್ಟೋ ಮನೆಯವರು ಆ ಹಣದಲ್ಲೇ ಪಾತ್ರೆ ಪಗಡಿ ಮಾಡಿಕೊಂಡರು. ಹತ್ತು ಜನರಲ್ಲಿ ಒಬ್ಬ ಕದ್ದ ಎಂದು ಉಳಿದ ಒಂಬತ್ತು ಜನರ ಬಾಯಿಗೆ ಮಣ್ಣು ಹಾಕುವುದು ನ್ಯಾಯ ಅಲ್ಲ.

ದೂರದ್ದು ಬಿಡುವ, ನಮ್ಮದನ್ನು ಕಾಂಬ. 2020ರ ಸೆಪ್ಟೆಂಬರ್ 20ರ ಆದಿತ್ಯವಾರ ಬ್ರಹ್ಮಾವರ ಕಡೆ ಸೀತಾ, ಸ್ವರ್ಣಾ ಎರಡೂ ಹೊಳೆ ಉಕ್ಕಿ ಮನೆಯೊಳಗೆ ನೀರು ಬಂದದ್ದು ಎಲ್ಲರಿಗೂ ನೆನಪಿದೆ. ನಾವುಂದ, ಮರವಂತೆ ಬದಿಯ ತಗ್ಗು ಜಾಗದವರಿಗೆ ಸೌಪರ್ಣಿಕಾ ಮಳೆಗಾಲದ ನೆಂಟ. ದೋಣಿಯಲ್ಲೇ ಹೋಗಿಬರುವ ದಿನಗಳು ಅವರಿಗೆ ಹೊಸದಲ್ಲ. 2022ರ ಆಗಸ್ಟ್ ಮೊದಲಿಗೆ ಬೈಂದೂರಿನ ಶಿರೂರಿನಲ್ಲಿ ಒಂದೇ ರಾತ್ರಿಯ ಮಳೆಗೆ ಮೀನುಗಾರರ ದೋಣಿಗಳು ಸಮುದ್ರ ಪಾಲಾದವು. ಆ ಹೊತ್ತಿಗೆಲ್ಲ ಮೊದಲು ಬಂದವರು ಯಾರು? ಪಕ್ಕದ ಮನೆಯವರು, ದೋಣಿ ಇದ್ದವರು, ಹಗ್ಗ ಹಿಡಿದುಕೊಂಡು ಬಂದ ಹುಡುಗರು. ನಮ್ಮ ಭಾಷೆಯಲ್ಲಿ ನೆರೆ ಅಂದರೆ ಹೊಳೆ ಉಕ್ಕುವುದೂ ಹೌದು, ಪಕ್ಕದ ಮನೆಯೂ ಹೌದು. ಮೊದಲನೆಯದು ಬಂದಾಗ ಎರಡನೆಯದೇ ಗತಿ.

ಸರ್ಕಾರ ಕೊಡುತ್ತದಲ್ಲ, ನಾವು ಯಾಕೆ ಕೊಡಬೇಕು ಎಂದು ಕೇಳುವವರಿಗೆ ಲೆಕ್ಕ ಹೇಳುತ್ತೇವೆ. 2022ರಲ್ಲಿ ಕೇಂದ್ರ ಪರಿಷ್ಕರಿಸಿದ ದರದಂತೆ ಬಯಲು ಪ್ರದೇಶದಲ್ಲಿ ಪೂರ್ತಿ ಬಿದ್ದ ಮನೆಗೆ 1 ಲಕ್ಷ 20 ಸಾವಿರ. ಮಳೆ ಆಶ್ರಯದ ಬೆಳೆಗೆ ಹೆಕ್ಟೇರಿಗೆ 8,500, ತೋಟಕ್ಕೆ 22,500, ಅದೂ ಎರಡು ಹೆಕ್ಟೇರಿಗೆ ಮಾತ್ರ. ಎಕ್ರೆಗೆ ಲೆಕ್ಕ ಹಾಕಿದರೆ ಗದ್ದೆಗೆ ಮೂರೂವರೆ ಸಾವಿರದ ಹತ್ತಿರ. ಉಳುಮೆ, ನಾಟಿಗೆ ಆಗುವ ಖರ್ಚು ನಿಮಗೆ ನಾವು ಹೇಳಬೇಕಾ? ಪೂರ್ತಿ ಹೋದ ದೋಣಿಗೆ 15,000. ಹಾಲು ಕೊಡುವ ದನ ಸತ್ತರೆ 37,500. ರಾಜ್ಯ ಸರ್ಕಾರ ಕೆಲವು ಸಲ ಇದಕ್ಕೆ ಮೇಲಿಂದ ಸೇರಿಸಿ ಕೊಟ್ಟದ್ದಿದೆ. ಆದರೂ ಇದು ಆಧಾರಕ್ಕೆ ಒಂದು ಊರುಗೋಲು, ಪೂರ್ತಿ ನಷ್ಟ ತುಂಬುವ ಹಣ ಅಲ್ಲ.

ಆ ಊರುಗೋಲು ಸಿಗಲಿಕ್ಕೂ ಕಾಗದ ಬೇಕು. ಇಲ್ಲಿಯೇ ಬಡವ ಸೋಲುವುದು. ಪಹಣಿ ಇನ್ನೂ ಸತ್ತ ಅಜ್ಜನ ಹೆಸರಲ್ಲಿ, ಐದು ಪಾಲುದಾರರು, ಪಾಲು ಆಗಿಲ್ಲ. ಗೇಣಿಗೆ ಗದ್ದೆ ಮಾಡಿದವನ ಹೆಸರು ಯಾವ ಪುಸ್ತಕದಲ್ಲೂ ಇಲ್ಲ. ಬೆಳೆ ಹೋದದ್ದು ಅವನದ್ದು, ಪರಿಹಾರ ಬಂದರೆ ಜಾಗದ ಯಜಮಾನರಿಗೆ. ಕುಮ್ಕಿ ಜಾಗದಲ್ಲಿ ಮನೆ ಕಟ್ಟಿದವನಿಗೆ ದಾಖಲೆ ಇಲ್ಲ. ಫ್ರೂಟ್ಸ್ ನಂಬರ್ ಇಲ್ಲ, ಆಧಾರ್ ಬ್ಯಾಂಕ್ ಖಾತೆಗೆ ಸರಿಯಾಗಿ ಜೋಡಣೆ ಆಗಿಲ್ಲ. ಸತ್ತ ದನಕ್ಕೆ ಪಶುವೈದ್ಯರ ಸರ್ಟಿಫಿಕೇಟ್ ಬೇಕು ಎನ್ನುತ್ತಾರೆ. ಹೊಳೆಯಲ್ಲಿ ಕೊಚ್ಚಿಹೋದ ದನವನ್ನು ಎಲ್ಲಿಂದ ತಂದು ತೋರಿಸುವುದು ಮಾರಾಯ್ರೆ? ಕೊಟ್ಟದ್ದು ಮುಟ್ಟದಿರಲು ಕಳ್ಳತನ ಒಂದೇ ಕಾರಣ ಅಲ್ಲ. ಎಷ್ಟೋ ಸಲ ಇಂಥ ಕಾರಣದಿಂದಲೂ ಮುಟ್ಟದೆ ಹೋಗುತ್ತದೆ.

ಕೊಡುವವರ ಬದಿಯಲ್ಲೂ ಹುಳುಕು ಇದೆ. 2019ರಲ್ಲಿ ನಮ್ಮ ಭಾಗದಿಂದ ಉತ್ತರ ಕರ್ನಾಟಕಕ್ಕೆ ಹೋದ ಒಂದು ಲಾರಿಯ ಜೊತೆ ನಾವೂ ಹೋಗಿದ್ದೆವು. ಒಂದು ಊರಿನ ಶಾಲೆ ಜಗಲಿಯಲ್ಲಿ ಹಳೆ ಬಟ್ಟೆಯ ರಾಶಿ ಒದ್ದೆಯಾಗಿ ವಾಸನೆ ಹೊಡೆಯುತ್ತಿತ್ತು, ಮುಟ್ಟುವವರಿಲ್ಲ. ರೊಟ್ಟಿ ತಿನ್ನುವ ಜನಕ್ಕೆ ನಮ್ಮ ಕಡೆಯಿಂದ ಕುಚ್ಚಲಕ್ಕಿ ಹೋಗಿತ್ತು. ಡಾಮರು ರಸ್ತೆ ಬದಿಯ ಊರಿಗೆ ಐದೈದು ಲಾರಿ, ಒಳಗಿನ ಊರಿಗೆ ಒಂದೂ ಇಲ್ಲ. ಅಲ್ಲಿಯ ಒಬ್ಬ ಹಿರಿಯರು ಹೇಳಿದ ಮಾತು ಈಗಲೂ ಕಿವಿಯಲ್ಲಿದೆ: "ನಮಗ ಅಕ್ಕಿ ಬಂದೈತ್ರಿ, ಎಮ್ಮಿಗೆ ಏನ್ ಹಾಕೋಣ್ರಿ?" ಮನುಷ್ಯನ ಹಸಿವು ಎಲ್ಲರಿಗೂ ಕಾಣುತ್ತದೆ. ಗಂಟಿಯ ಹಸಿವು ಹಾಲು ಕರೆಯುವವನಿಗೇ ಗೊತ್ತು. ಹಾಲು ಸಂಘದವರಾದ ನಮಗೆ ಅದು ಗೊತ್ತಿರಬೇಕು.

ಹಾಗಾದರೆ ದಾರಿ ಯಾವುದು? ಸಹಕಾರಿ ಪಿತಾಮಹ ಎಂದು ನಾವು ಗೌರವಿಸುವ ಮೊಳಹಳ್ಳಿ ಶಿವರಾಯರ ಮನೆತನದ ಊರು ಮೊಳಹಳ್ಳಿ ಇರುವುದು ನಮ್ಮ ಕುಂದಾಪುರ ತಾಲೂಕಿನಲ್ಲೇ. ಅವರು 1909ರಲ್ಲಿ ಪುತ್ತೂರಿನಲ್ಲಿ ಸಹಕಾರ ಸಂಘ ಶುರು ಮಾಡಿದ ದಿನದಿಂದ ಇಂದಿನವರೆಗೆ ಈ ಜಿಲ್ಲೆಗಳಲ್ಲಿ ಸಹಕಾರ ಉಳಿದದ್ದು ಎರಡು ಕಾರಣಕ್ಕೆ. ಸದಸ್ಯ ಯಾರು ಎಂದು ಸಂಘಕ್ಕೆ ಗೊತ್ತು, ಲೆಕ್ಕ ಏನು ಎಂದು ಸದಸ್ಯನಿಗೆ ಗೊತ್ತು. ಡೈರಿಯಲ್ಲಿ ದಿನಾ ಹಾಲು ಅಳೆಯುತ್ತೇವೆ, ಡಿಗ್ರಿ, ಫ್ಯಾಟ್ ನೋಡುತ್ತೇವೆ, ಚೀಟಿ ಕೊಡುತ್ತೇವೆ. ಚೀಟಿ ಕೇಳಿದವರನ್ನು ನೀವು ಕಾರ್ಯದರ್ಶಿಯವರನ್ನು ನಂಬುವುದಿಲ್ಲವಾ ಎಂದು ಯಾರೂ ಬೈಯುವುದಿಲ್ಲ. ದಾನಕ್ಕೂ ಅದೇ ಕ್ರಮ ಇರಲಿ.

ಅದಕ್ಕೆ ನಮ್ಮ ಸೂಚನೆ ಹೀಗಿದೆ.

ಒಂದು, ಸಂಘದಿಂದ ಸಂಘಕ್ಕೆ ಕೊಡುವ. ನೆರೆ ಬಂದ ಊರಲ್ಲಿ ಹಾಲಿನ ಸಂಘ ಇದ್ದರೆ ಅವರಿಗೆ ಫೋನ್ ಮಾಡಿ ಮೊದಲು ಕೇಳುವ, ಏನು ಬೇಕು, ಎಷ್ಟು ಬೇಕು, ಯಾರಿಗೆ ಬೇಕು ಎಂದು. ಅವರಲ್ಲಿ ಸದಸ್ಯರ ಪಟ್ಟಿ ಇರುತ್ತದೆ. ಸದಸ್ಯರಲ್ಲದ ಕೂಲಿಯವರ ಹೆಸರನ್ನೂ ಬಿಡದೆ ಬರೆಯಲಿಕ್ಕೆ ಹೇಳುವ.

ಎರಡು, ಹಳೆ ಬಟ್ಟೆ ಬೇಡವೇ ಬೇಡ. ಹಣ, ಇಲ್ಲದಿದ್ದರೆ ಅವರು ಕೇಳಿದ ವಸ್ತು. ಪಶು ಆಹಾರ, ಬೈಹುಲ್ಲು ನಮ್ಮ ಕೈಲಾಗುವಂಥದ್ದು.

ಮೂರು, ಹಣ ಚೆಕ್ಕಿನಲ್ಲೇ ಹೋಗಲಿ, ಸಂಘದ ಪುಸ್ತಕದಲ್ಲಿ ಬೇರೆ ಖಾತೆ ಇರಲಿ, ಆಡಿಟ್ ಆಗಲಿ. ಸಂಘದ ಲಾಭದಿಂದ ಕೊಡುವುದಾದರೆ ಕಾಯ್ದೆ, ಬೈಲಾ ನೋಡಿಕೊಂಡು ಮಹಾಸಭೆಯ ಒಪ್ಪಿಗೆ ಪಡೆದೇ ಕೊಡುವ. ಮೊಬೈಲಿಗೆ ಬಂದ ಯಾವುದೋ ಕ್ಯೂಆರ್ ಕೋಡಿಗೆ ಹಣ ಹಾಕಬೇಡಿ. 2024ರ ಜುಲೈ 30ರ ವಯನಾಡು ದುರಂತದ ನಂತರ ದುರುಪಯೋಗ ಆದೀತೆಂದು ಕೇರಳ ಸರ್ಕಾರವೇ ತನ್ನ ಕ್ಯೂಆರ್ ಕೋಡನ್ನು ಹಿಂದೆ ತೆಗೆದುಕೊಂಡಿತ್ತು.

ನಾಲ್ಕು, ಕೊಟ್ಟವರ ಹೆಸರು, ಮೊತ್ತ ಡೈರಿಯ ನೋಟೀಸು ಬೋರ್ಡಿನಲ್ಲಿ ಬರಲಿ. ಪಡೆದವರ ಪಟ್ಟಿ ಅವರ ಊರಿನ ಸಂಘದ ಬೋರ್ಡಿನಲ್ಲಿ ಬರಲಿ. ಅಲ್ಲಿಯ ಜನ ಓದಿದರೆ ಸುಳ್ಳು ಹೆಸರು ಒಂದು ದಿನ ನಿಲ್ಲುವುದಿಲ್ಲ. ಬಡವರ ಕೈಗೆ ಚೀಲ ಕೊಟ್ಟು ಫೋಟೋ ಹೊಡೆಸುವುದು ಮಾತ್ರ ಬೇಡ.

ಐದು, ಇದೇ ಮುಖ್ಯ. ಆರು ತಿಂಗಳು ಬಿಟ್ಟು ನಮ್ಮಿಂದ ಇಬ್ಬರು ಅಲ್ಲಿಗೆ ಹೋಗಿ ನೋಡಿ ಬರಬೇಕು, ಸ್ವಂತ ಖರ್ಚಿನಲ್ಲಿ. ಅದರಲ್ಲಿ ಒಬ್ಬರು ಈ ದಿನ ಪ್ರಶ್ನೆ ಕೇಳಿದವರೇ ಆಗಲಿ. ನೋಡಿದ್ದನ್ನು ಮುಂದಿನ ಮಹಾಸಭೆಯಲ್ಲಿ ಹೇಳಲಿ. ಮುಟ್ಟಿದ್ದರೆ ಮುಟ್ಟಿದೆ, ಇಲ್ಲದಿದ್ದರೆ ಇಲ್ಲ. ಆಸರೆ ಮನೆಗಳಿಗೆ ಕೊಟ್ಟವರಲ್ಲಿ ಹೆಚ್ಚಿನವರು ಎರಡನೇ ಸಲ ಹೋಗಿ ನೋಡಿದ್ದರೆ ಕಥೆ ಬೇರೆ ಆಗುತ್ತಿತ್ತೋ ಏನೋ.

ಇದರ ಜೊತೆಗೆ ನಮ್ಮ ಮನೆಯ ಕೆಲಸವೂ ಒಂದಿದೆ. ಈ ಮಳೆಗಾಲದ ಮೊದಲು ಪ್ರತಿ ಸದಸ್ಯರ ಪಹಣಿ, ಫ್ರೂಟ್ಸ್ ನಂಬರ್, ಆಧಾರ್ ಜೋಡಣೆ ಸರಿ ಇದೆಯಾ ಎಂದು ಸಂಘದಲ್ಲಿ ಒಂದು ದಿನ ಕೂತು ನೋಡುವ. ದನಗಳಿಗೆ ಕಿವಿ ಓಲೆ, ವಿಮೆ ಮಾಡಿಸುವ. ಹೊಳೆಯಲ್ಲಿ ಹೋದ ದನಕ್ಕೆ ಹೆಣ ಇಲ್ಲದಿರಬಹುದು, ಆದರೆ ಆ ಮನೆಯಿಂದ ನಿನ್ನೆವರೆಗೆ ಹಾಲು ಬಂದ ಲೆಕ್ಕ ನಮ್ಮ ಪುಸ್ತಕದಲ್ಲಿ ಇದೆ. ಗ್ರಾಮ ಆಡಳಿತಾಧಿಕಾರಿಯವರ ಎದುರು ಆ ಪುಸ್ತಕ ಇಟ್ಟು ಸಾಕ್ಷಿ ಹೇಳಬಹುದಾದವರು ನಾವು. ಪ್ರಯತ್ನ ಮಾಡಿ ನೋಡುವ.

2024ರ ಜುಲೈ 16ರಂದು ಅಂಕೋಲಾದ ಶಿರೂರಿನಲ್ಲಿ ಗುಡ್ಡ ಕುಸಿದಾಗ, ಹೆಸರು ಒಂದೇ ಆದ್ದರಿಂದ ನಮ್ಮ ಬೈಂದೂರಿನ ಶಿರೂರು ಎಂದು ತಿಳಿದು ದೂರದ ನೆಂಟರು ನಮಗೆಲ್ಲ ಫೋನ್ ಮಾಡಿದ್ದರು. ನಮ್ಮದಲ್ಲ, ನಾವು ಕ್ಷೇಮ ಎಂದು ಹೇಳಿದೆವು. ಹೇಳಿ ಫೋನ್ ಇಟ್ಟ ಮೇಲೆ ಅನಿಸಿತು, ಮುಂದಿನ ಸಲ ನಮ್ಮದೇ ಆಗಬಹುದು. ಹೊಳೆಗೂ ಗುಡ್ಡಕ್ಕೂ ತಾಲೂಕಿನ ಗಡಿ ಗೊತ್ತಿಲ್ಲ.

ಕೊಟ್ಟದ್ದು ಮುಟ್ಟುತ್ತದಾ ಎಂದು ಕೇಳಿ ಕೈ ಕಟ್ಟಿ ಕೂರುವುದು ಸುಲಭ. ಕಣ್ಣು ಮುಚ್ಚಿ ಕೊಟ್ಟು ಪುಣ್ಯ ಬಂತೆಂದು ಮನೆಗೆ ಹೋಗುವುದೂ ಸುಲಭ. ಕೊಟ್ಟು, ಹಿಂದೆಯೇ ಹೋಗಿ ನೋಡುವುದು ಕಷ್ಟದ ಕೆಲಸ. ಇಪ್ಪತ್ತೈದು ವರ್ಷ ದಿನಕ್ಕೆ ಎರಡು ಸಲ ತಪ್ಪದೆ ಹಾಲು ಅಳೆದ ಸಂಘಕ್ಕೆ ಅದು ಆಗದ ಕೆಲಸ ಅಲ್ಲ ಎಂದು ನಮ್ಮ ನಂಬಿಕೆ. ಪ್ರಸ್ತಾಪವನ್ನು ಎಲ್ಲರೂ ಸೇರಿ ಮಂಜೂರು ಮಾಡಬೇಕೆಂದು ಕೇಳಿಕೊಳ್ಳುತ್ತೇವೆ.

ಜೈ ಸಹಕಾರ.