ನಮ್ಮ ನಂಬರ್ ಯಾರ ಸ್ವತ್ತು?

ದೊಡ್ಡ ಅಂಗಡಿಯಲ್ಲಿ ಒಂದು ಜೊತೆ ಚಪ್ಪಲಿ ಕೊಂಡರೂ ಬಿಲ್ ಹಾಕುವವರು ಮೊದಲು ಕೇಳುವುದು ಮೊಬೈಲ್ ನಂಬರ್. ಹಿಂದೆ ನಿಂತವರಿಗೆ ತಡವಾಗುತ್ತದಲ್ಲ ಎಂದು ನಾವೂ ಹೇಳಿಬಿಡುತ್ತೇವೆ. ಹಾಗೆ ಗ್ರಾಹಕರನ್ನು ಒತ್ತಾಯಿಸಬಾರದೆಂದು ಕೇಂದ್ರದ ಗ್ರಾಹಕ ವ್ಯವಹಾರಗಳ ಇಲಾಖೆ 2023ರಲ್ಲೇ ವ್ಯಾಪಾರಿಗಳಿಗೆ ತಿಳಿಸಿದೆ.

'ಕೊಡುವುದಿಲ್ಲ' ಎನ್ನುವ ಮಾತಿಗೆ ಬಲ ತಂದವರು ನಮ್ಮ ನಾಡಿನವರೇ. ಕರ್ನಾಟಕ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಕೆ.ಎಸ್. ಪುಟ್ಟಸ್ವಾಮಿ, ಎಂಬತ್ತು ದಾಟಿದ ವಯಸ್ಸಿನಲ್ಲಿ, 2012ರಲ್ಲಿ ಆಧಾರ್ ಯೋಜನೆಯನ್ನು ಪ್ರಶ್ನಿಸಿ ಸುಪ್ರೀಂ ಕೋರ್ಟಿಗೆ ಹೋದರು. ಆ ಮೊಕದ್ದಮೆಯಲ್ಲೇ 2017ರ ಆಗಸ್ಟ್ 24ರಂದು ಒಂಬತ್ತು ನ್ಯಾಯಮೂರ್ತಿಗಳು ಒಮ್ಮತದಿಂದ, ಖಾಸಗಿತನ ಮೂಲಭೂತ ಹಕ್ಕು ಎಂದು ಸಾರಿದರು. 2018ರಲ್ಲಿ ಕೋರ್ಟು ಆಧಾರ್ ಯೋಜನೆಯನ್ನು ಎತ್ತಿಹಿಡಿಯಿತು. ಆದರೆ ಸಿಮ್ ಕಾರ್ಡಿಗೆ, ಬ್ಯಾಂಕ್ ಖಾತೆಗೆ ಅದು ಕಡ್ಡಾಯವೆನ್ನುವುದು ತಪ್ಪಿತು.

ಕಂಪನಿಗಳಿಗೆ ಲಗಾಮು ಹಾಕಲು ಸರ್ಕಾರ ಬೇಕೇ ಬೇಕು. 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆ ಬಂದದ್ದೂ ಅದಕ್ಕೇ. ಆದರೆ ತನ್ನದೇ ಸಂಸ್ಥೆಗಳಿಗೆ ವಿನಾಯಿತಿ ಕೊಡುವ ಅಧಿಕಾರವನ್ನೂ ಸರ್ಕಾರ ಅದೇ ಕಾಯ್ದೆಯಲ್ಲಿ ಇಟ್ಟುಕೊಂಡಿದೆ. ಬೇಲಿಯೇ ಎದ್ದು ಹೊಲ ಮೇಯ್ದರೆ ಯಾರಿಗೆ ದೂರುವುದು?

ಊರು ಬಿಟ್ಟು ಬಂದವರು ನಾವು. ಬಾಡಿಗೆ ಮನೆ, ಗ್ಯಾಸು, ಸಿಮ್ಮು ಎಲ್ಲಕ್ಕೂ ಗುರುತಿನ ಚೀಟಿಯ ಜೆರಾಕ್ಸ್ ಕೊಟ್ಟು ಕೊಟ್ಟು ಅಭ್ಯಾಸವಾಗಿಬಿಟ್ಟಿದೆ. ಕೇಳುವವರು ಕಂಪನಿಯವರಾಗಲಿ, ಕಚೇರಿಯವರಾಗಲಿ, 'ಯಾತಕ್ಕೆ ಬೇಕು ಸ್ವಾಮಿ?' ಎಂದು ಒಂದು ಮಾತು ಕೇಳೋಣ. ಹಕ್ಕು ಕೋರ್ಟಿನಲ್ಲಿ ಸಿಕ್ಕಿರಬಹುದು. ಅದು ಉಳಿಯುವುದು ನಾವು ಬಳಸಿದರೆ ಮಾತ್ರ.