‘ಲವ್ ಜಿಹಾದ್’: ಒಂದು ಸುಳ್ಳಿನ ಹುಟ್ಟು ಮತ್ತು ಸಂಚಾರ

(ಸೇಡಂ, ಚಿತ್ತಾಪುರ, ವಾಡಿ, ಶಹಾಬಾದ್ ಮತ್ತು ಚಿಂಚೋಳಿಯ ಸಭೆಗಳಲ್ಲಿ ಮಾಡಿದ ಉಪನ್ಯಾಸದ ಬರಹ ರೂಪ)



ಇಂದು ನನಗೆ ವಹಿಸಲಾಗಿರುವ ವಿಷಯ ‘ಲವ್ ಜಿಹಾದ್’. ಈ ಪದವನ್ನು ಕೇಳದವರು ಈ ಸಭೆಯಲ್ಲಿ ಯಾರೂ ಇರಲಾರರು. ಆದರೆ ಅದು ಎಲ್ಲಿ ಹುಟ್ಟಿತು, ಅದನ್ನು ತನಿಖೆ ಮಾಡಿದವರು ಯಾರು, ತನಿಖೆಯಲ್ಲಿ ಏನು ಸಿಕ್ಕಿತು ಎಂದು ಕೇಳಿದರೆ ನಮ್ಮಲ್ಲಿ ಹೆಚ್ಚಿನವರು ಮೌನಿಗಳಾಗುತ್ತೇವೆ. ಆರೋಪ ನಮ್ಮ ಮೇಲಿದೆ, ಆದರೆ ಆ ಆರೋಪದ ಕಡತವನ್ನು ನಾವೇ ಓದಿಲ್ಲ.

ಆರೋಪ ಇಷ್ಟು: ಮುಸ್ಲಿಮ್ ಯುವಕರಿಗೆ ಎಲ್ಲಿಂದಲೋ ಹಣ ಬರುತ್ತದೆ, ಅವರು ಹಿಂದೂ ಹೆಣ್ಣುಮಕ್ಕಳನ್ನು ಪ್ರೀತಿಯ ನೆಪದಲ್ಲಿ ಬಲೆಗೆ ಕೆಡಹಿ ಮತಾಂತರಿಸುತ್ತಾರೆ, ಇದೆಲ್ಲದರ ಹಿಂದೆ ಒಂದು ರಹಸ್ಯ ಸಂಘಟನೆಯಿದೆ. ಒಬ್ಬ ಯುವಕ ಅನ್ಯಧರ್ಮದ ಯುವತಿಯನ್ನು ಪ್ರೀತಿಸುವುದು, ಒಬ್ಬ ವಂಚಕ ಒಬ್ಬಳನ್ನು ವಂಚಿಸುವುದು ಎಲ್ಲ ಸಮುದಾಯಗಳಲ್ಲೂ ನಡೆಯುತ್ತದೆ. ಅದನ್ನು ಅಲ್ಲಗಳೆಯುವ ಅಗತ್ಯ ನಮಗಿಲ್ಲ. ವಂಚಕ ಮುಸ್ಲಿಮನಾಗಿದ್ದರೆ ಅವನಿಗೆ ಶಿಕ್ಷೆಯಾಗಲಿ. ಪ್ರಶ್ನೆ ಇರುವುದು ಆ ‘ರಹಸ್ಯ ಸಂಘಟನೆ’ಯ ಬಗ್ಗೆ ಮಾತ್ರ.

ಹೆಸರು ಹೊಸದು, ಕಥೆ ಹಳೆಯದು. 1909ರಲ್ಲಿ ಕಲ್ಕತ್ತದ ಯು.ಎನ್. ಮುಖರ್ಜಿ ಎಂಬವರು ಜನಗಣತಿಯ ಅಂಕಿಗಳನ್ನು ಮುಂದಿಟ್ಟು ಹಿಂದೂಗಳು ಅಳಿಯುತ್ತಿರುವ ಜನಾಂಗವೆಂದು ವಾದಿಸಿದರು. 1920ರ ದಶಕದಲ್ಲಿ, ಶುದ್ಧಿ ಚಳವಳಿಯ ಕಾಲಕ್ಕೆ, ಇಂದಿನ ಉತ್ತರ ಪ್ರದೇಶದ ಪತ್ರಿಕೆಗಳೂ ಕರಪತ್ರಗಳೂ ಮುಸ್ಲಿಮರಿಂದ ಹಿಂದೂ ಸ್ತ್ರೀಯರ ಅಪಹರಣವೆಂಬ ಕಥೆಗಳಿಂದ ತುಂಬಿಹೋದವು. ಇತಿಹಾಸಕಾರ್ತಿ ಚಾರು ಗುಪ್ತಾ ಆ ಕಾಲದ ಕಾಗದಪತ್ರಗಳನ್ನು ಶೋಧಿಸಿ ಇದನ್ನು ವಿವರವಾಗಿ ಬರೆದಿದ್ದಾರೆ. ಸ್ವಂತ ಇಚ್ಛೆಯಿಂದ ಮನೆ ಬಿಟ್ಟ ಹೆಣ್ಣನ್ನೂ ಆ ಕಥೆಗಳು ಅಪಹೃತಳೆಂದೇ ಎಣಿಸಿದವು. ಅವಳಿಗೂ ಒಂದು ಇಚ್ಛೆ ಇರಬಹುದೆಂಬುದು ಆ ಬರಹಗಾರರ ಊಹೆಗೆ ನಿಲುಕದ ಸಂಗತಿಯಾಗಿತ್ತು.

ಆ ಕಥೆಗೆ ಇಂದಿನ ಹೆಸರು ಬಿದ್ದು ದೇಶದ ಸುದ್ದಿಯಾದದ್ದು 2009ರಲ್ಲಿ, ಕೇರಳದಲ್ಲಿ ಮತ್ತು ನಮ್ಮದೇ ರಾಜ್ಯದ ಕರಾವಳಿಯಲ್ಲಿ. ಆ ವರ್ಷದ ಜನವರಿ 24ರಂದು ಮಂಗಳೂರಿನ ಪಬ್ ಒಂದರಲ್ಲಿ ಯುವತಿಯರನ್ನು ಅಟ್ಟಾಡಿಸಿ ಹೊಡೆದದ್ದನ್ನು ದೇಶವೇ ಟಿ.ವಿ.ಯಲ್ಲಿ ನೋಡಿತು. ಹೆಣ್ಣುಮಕ್ಕಳ ಓಡಾಟದ ಮೇಲೆ ಕಾವಲು ಕೂರುವುದೇ ಸಂಸ್ಕೃತಿ ರಕ್ಷಣೆ ಎನಿಸಿಕೊಂಡಿದ್ದ ವಾತಾವರಣ ಅದು. ಕರ್ನಾಟಕವೊಂದರಲ್ಲೇ 30,000 ಯುವತಿಯರು ಈ ಜಾಲಕ್ಕೆ ಬಿದ್ದಿದ್ದಾರೆಂದು ಹಿಂದೂ ಜನಜಾಗೃತಿ ಸಮಿತಿ ಹೇಳಿತು. ಮೂವತ್ತು ಸಾವಿರ! ಇಷ್ಟು ಹೆಣ್ಣುಮಕ್ಕಳ ಊರು ಯಾವುದು, ದೂರು ದಾಖಲಾದ ಠಾಣೆ ಯಾವುದು ಎಂದು ಕೇಳುವವರಿರಲಿಲ್ಲ.

ಇಲ್ಲಿ ಒಂದು ಪ್ರಕರಣವನ್ನು ನಿಮ್ಮ ಮುಂದೆ ವಿಸ್ತಾರವಾಗಿ ಇಡಬೇಕು. ಈ ಉಪನ್ಯಾಸದಲ್ಲಿ ನೀವು ಒಂದನ್ನೇ ನೆನಪಿಟ್ಟುಕೊಳ್ಳುವುದಾದರೆ ಇದನ್ನು ನೆನಪಿಟ್ಟುಕೊಳ್ಳಿ.

2009ರ ಜೂನ್‌ನಲ್ಲಿ ದಕ್ಷಿಣ ಕನ್ನಡದ ಬಂಟ್ವಾಳ ತಾಲೂಕಿನ ಬರಿಮಾರು ಗ್ರಾಮದ 22 ವರ್ಷದ ಯುವತಿಯೊಬ್ಬಳು ಕಾಣೆಯಾದಳು. ಮುಸ್ಲಿಮ್ ಯುವಕನೊಬ್ಬ ಅವಳನ್ನು ಕರೆದೊಯ್ದಿದ್ದಾನೆ, ಇದು ಲವ್ ಜಿಹಾದ್ ಎಂಬ ಕೂಗೆದ್ದಿತು. ಠಾಣೆಯ ಮುಂದೆ ಪ್ರತಿಭಟನೆ ನಡೆಯಿತು. ಪೊಲೀಸರು ಮೊಬೈಲ್ ಕರೆಗಳ ಜಾಡು ಹಿಡಿದು ಹೊರಟಾಗ ಒಬ್ಬಳ ನಂತರ ಒಬ್ಬಳಂತೆ ಕಾಣೆಯಾದ ಬೇರೆ ಯುವತಿಯರ ಸುಳಿವು ಸಿಗತೊಡಗಿತು. ಅಕ್ಟೋಬರ್‌ನಲ್ಲಿ ಬಂಧಿತನಾದವನು ಮೋಹನ್ ಕುಮಾರ್. ಪ್ರಾಥಮಿಕ ಶಾಲೆಯಲ್ಲಿ ದೈಹಿಕ ಶಿಕ್ಷಣ ಶಿಕ್ಷಕನಾಗಿದ್ದವನು. ನಂತರದ ದಿನಗಳಲ್ಲಿ ನಾಡಿಗೆಲ್ಲ ‘ಸಯನೈಡ್ ಮೋಹನ್’ ಎಂದು ಪರಿಚಿತನಾದ. ಅವನ ಮೇಲೆ ದಾಖಲಾದದ್ದು 20 ಯುವತಿಯರ ಕೊಲೆಯ ಪ್ರಕರಣಗಳು.

ಅವನು ಆರಿಸಿಕೊಳ್ಳುತ್ತಿದ್ದದ್ದು ಬಡಮನೆಯ, ವರದಕ್ಷಿಣೆ ಕೊಡಲಾಗದೆ ಮದುವೆ ನಿಂತುಹೋದ ಹೆಣ್ಣುಮಕ್ಕಳನ್ನು. ವರದಕ್ಷಿಣೆ ಬೇಡ, ಮದುವೆಯಾಗುತ್ತೇನೆ ಎನ್ನುತ್ತಿದ್ದ. ಒಡವೆ ಹಾಕಿಕೊಂಡು ಬರಲು ಹೇಳಿ ದೂರದ ಊರಿಗೆ ಕರೆದೊಯ್ಯುತ್ತಿದ್ದ. ಮರುದಿನ ಗರ್ಭನಿರೋಧಕ ಮಾತ್ರೆಯೆಂದು ನಂಬಿಸಿ ಸಯನೈಡ್ ಕೊಟ್ಟು, ಬಸ್ ನಿಲ್ದಾಣದ ಶೌಚಾಲಯಕ್ಕೆ ಕಳುಹಿಸಿ, ಒಡವೆಗಳೊಂದಿಗೆ ಊರಿಗೆ ಮರಳುತ್ತಿದ್ದ. ಪರಊರಿನ ಬಸ್ ನಿಲ್ದಾಣದಲ್ಲಿ ಸಿಕ್ಕ ಹೆಣ ಅಲ್ಲಿ ಗುರುತಿಲ್ಲದ ಹೆಣವಾಗುತ್ತಿತ್ತು. ಊರಿನಲ್ಲಿ ಮಾತ್ರ ‘ಯಾರೊಂದಿಗೋ ಓಡಿಹೋದಳು’ ಎಂಬ ಮಾತು ಉಳಿಯುತ್ತಿತ್ತು. 2013ರ ಡಿಸೆಂಬರ್‌ನಲ್ಲಿ ನ್ಯಾಯಾಲಯ ಅವನಿಗೆ ಮರಣದಂಡನೆ ವಿಧಿಸಿತು.

ಸಹೋದರರೇ, ಕೊಲೆಗಾರ ಮುಸ್ಲಿಮನಾಗಿರಲಿಲ್ಲ ಎಂದು ನಿಟ್ಟುಸಿರು ಬಿಡಲು ನಾನಿದನ್ನು ಹೇಳುತ್ತಿಲ್ಲ. ವರ್ಷಗಟ್ಟಲೆ ಒಬ್ಬ ಮನುಷ್ಯ ಒಂದೇ ವಿಧಾನದಿಂದ ಬಡವರ ಹೆಣ್ಣುಮಕ್ಕಳನ್ನು ಕೊಲ್ಲುತ್ತ ಬಂದ. ಕಾಣೆಯಾದ ಹೆಣ್ಣುಗಳ ಹೆಸರಿನಲ್ಲಿ ಬೀದಿಗಿಳಿದವರ ಕಣ್ಣಿಗೆ ಅವನು ಬೀಳಲಿಲ್ಲ, ಏಕೆಂದರೆ ಅವರು ಹುಡುಕುತ್ತಿದ್ದದ್ದು ಆ ಹೆಣ್ಣುಮಕ್ಕಳನ್ನಲ್ಲ, ಒಂದು ಸಮುದಾಯದ ಅಪರಾಧವನ್ನು. ಪಿತೂರಿಯ ಕಥೆ ನಮಗೆ ಮಾಡುವ ಅನ್ಯಾಯ ನಮಗೆ ಗೊತ್ತೇ ಇದೆ. ಅದು ತಾನು ರಕ್ಷಿಸುತ್ತೇನೆಂದು ಹೇಳುವವರಿಗೆ ಮಾಡುವ ಅನ್ಯಾಯ ಇದು.

ವಿಚಿತ್ರವೆಂದರೆ, ಮೋಹನ್ ಸಿಕ್ಕಿಬಿದ್ದ ಅದೇ ಅಕ್ಟೋಬರ್‌ನಲ್ಲಿ ಕರ್ನಾಟಕ ಹೈಕೋರ್ಟ್ ಚಾಮರಾಜನಗರದ ಯುವತಿಯೊಬ್ಬಳ ಪ್ರಕರಣದಲ್ಲಿ ‘ಲವ್ ಜಿಹಾದ್’ ಬಗ್ಗೆ ತನಿಖೆಗೆ ಆದೇಶಿಸಿತು. ಸಂಘಟಿತ ಜಾಲದ ಪುರಾವೆ ಸಿಐಡಿಗೆ ಸಿಗಲಿಲ್ಲ. ನವೆಂಬರ್‌ನಲ್ಲಿ ಆ ಯುವತಿ ತನ್ನ ಇಚ್ಛೆಯಂತೆ ಹೋಗಬಹುದೆಂದು ನ್ಯಾಯಾಲಯ ಹೇಳಿತು, ಅವಳು ಗಂಡನೊಂದಿಗೆ ಹೋದಳು. ಕೇರಳದಲ್ಲಿ ನ್ಯಾಯಮೂರ್ತಿ ಕೆ.ಟಿ. ಶಂಕರನ್ ವರದಿ ಕೇಳಿದಾಗ, ಅಂತಹ ಸಂಘಟನೆಗೆ ಸ್ಪಷ್ಟ ಪುರಾವೆಯಿಲ್ಲವೆಂದು ಡಿಜಿಪಿ ಜೇಕಬ್ ಪುನ್ನೂಸ್ ತಿಳಿಸಿದರು. ಆ ಉತ್ತರ ನ್ಯಾಯಮೂರ್ತಿಗಳಿಗೆ ಸಮಾಧಾನ ಕೊಡಲಿಲ್ಲ ಎಂಬುದನ್ನೂ ಪ್ರಾಮಾಣಿಕವಾಗಿ ಹೇಳಬೇಕು. ಮುಂದೆ ಹಾದಿಯಾ ಪ್ರಕರಣದಲ್ಲಿ ಸುಪ್ರೀಮ್ ಕೋರ್ಟ್ ಎನ್‌ಐಎ ತನಿಖೆಗೇ ಆದೇಶಿಸಿತು, ಆದರೆ 2018ರ ಮಾರ್ಚ್ 8ರಂದು ಆಕೆಯ ವಿವಾಹವನ್ನು ಎತ್ತಿಹಿಡಿಯಿತು. 2020ರ ಫೆಬ್ರವರಿ 4ರಂದು ಕೇಂದ್ರ ಗೃಹ ಖಾತೆಯ ರಾಜ್ಯ ಸಚಿವ ಜಿ. ಕಿಶನ್ ರೆಡ್ಡಿ ಲೋಕಸಭೆಗೆ ಕೊಟ್ಟ ಉತ್ತರವೇನು? ಈ ಪದಕ್ಕೆ ಕಾನೂನಿನಲ್ಲಿ ವ್ಯಾಖ್ಯಾನವಿಲ್ಲ, ಕೇಂದ್ರ ಸಂಸ್ಥೆಗಳು ಅಂತಹ ಯಾವ ಪ್ರಕರಣವನ್ನೂ ವರದಿ ಮಾಡಿಲ್ಲ ಎಂದು.

ಅದೇ ವರ್ಷದ ನವೆಂಬರ್‌ನಲ್ಲಿ ಉತ್ತರ ಪ್ರದೇಶ ಸುಗ್ರೀವಾಜ್ಞೆ ತಂದಿತು, 2022ರಲ್ಲಿ ಕರ್ನಾಟಕದಲ್ಲೂ ಮತಾಂತರ ನಿಷೇಧ ಕಾಯ್ದೆ ಬಂತು. ಪುರಾವೆಯಿಲ್ಲವೆಂದು ಸರಕಾರವೇ ಹೇಳಿದ ಮೇಲೂ ಹೀಗೇಕೆ? ಪಿತೂರಿಯ ಕಥೆಗೆ ಪುರಾವೆಯ ಅಭಾವದಿಂದ ಸಾವಿಲ್ಲ. ಪುರಾವೆ ಸಿಗದಿದ್ದರೆ ಅದನ್ನು ಮುಚ್ಚಿಟ್ಟಿದ್ದಾರೆ, ಪೊಲೀಸರೂ ಶಾಮೀಲಾಗಿದ್ದಾರೆ ಎನ್ನಬಹುದಲ್ಲ. ಅಮೆರಿಕದಂತಹ ಮುಂದುವರಿದ ದೇಶದಲ್ಲೂ ಇದನ್ನೇ ಕಾಣುತ್ತೇವೆ. ವಾಷಿಂಗ್ಟನ್‌ನ ಒಂದು ಪಿಜ್ಜಾ ಹೋಟೆಲಿನ ನೆಲಮಾಳಿಗೆಯಲ್ಲಿ ರಾಜಕಾರಣಿಗಳು ಮಕ್ಕಳನ್ನು ಕೂಡಿಹಾಕಿದ್ದಾರೆಂಬ ವದಂತಿ ನಂಬಿ 2016ರ ಡಿಸೆಂಬರ್‌ನಲ್ಲಿ ಒಬ್ಬಾತ ಬಂದೂಕು ಹಿಡಿದು ನುಗ್ಗಿದ. ಅಲ್ಲಿ ನೆಲಮಾಳಿಗೆಯೇ ಇರಲಿಲ್ಲ! ಕಥೆ ಅಲ್ಲಿಗೆ ಮುಗಿಯಬೇಕಿತ್ತು. ಮರುವರ್ಷ ಅದು ‘ಕ್ಯೂಅನಾನ್’ ಎಂಬ ಇನ್ನೂ ದೊಡ್ಡ ರೂಪ ತಾಳಿತು, 2021ರ ಜನವರಿ 6ರಂದು ಸಂಸತ್ ಭವನಕ್ಕೆ ನುಗ್ಗಿದವರಲ್ಲಿ ಅದರ ಅನುಯಾಯಿಗಳೂ ಇದ್ದರು.

ಇನ್ನು ನಮ್ಮ ಜಿಲ್ಲೆಗೆ ಬರೋಣ. ಕೊರೊನಾದಿಂದ ದೇಶದಲ್ಲಿ ಮೊದಲ ಸಾವು ಸಂಭವಿಸಿದ್ದು ಕಲಬುರಗಿಯ 76 ವರ್ಷದ ಹಿರಿಯರದು, 2020ರ ಮಾರ್ಚ್ 10ರಂದು. ಸೌದಿಯಿಂದ ಮರಳಿದ್ದವರು. ಅದೇ ತಿಂಗಳ ಕೊನೆಗೆ ದೆಹಲಿಯ ನಿಜಾಮುದ್ದೀನ್ ಮರ್ಕಝ್‌ನ ಸುದ್ದಿ ಬಂತು, ‘ಜಿಹಾದ್’ ಎಂಬ ಬಾಲ ರೋಗಕ್ಕೂ ಅಂಟಿಕೊಂಡಿತು. ತರಕಾರಿ ಮಾರುವವನ ಹೆಸರು ಕೇಳಿ ವ್ಯಾಪಾರ ಮಾಡುವ ದಿನಗಳನ್ನು ನೀವು ಕಂಡಿದ್ದೀರಿ. ಏಪ್ರಿಲ್ 16ರಂದು ಇಲ್ಲೇ ವಾಡಿಯ ಬಳಿಯ ರಾವೂರಿನಲ್ಲಿ ಲಾಕ್‌ಡೌನ್ ನಡುವೆ ರಥೋತ್ಸವ ನಡೆಯಿತು, ಪ್ರಕರಣ ದಾಖಲಾಯಿತು. ಅದನ್ನು ಯಾರೂ ಪಿತೂರಿ ಎನ್ನಲಿಲ್ಲ. ಎನ್ನಬಾರದು ಕೂಡ, ಅದು ಭಕ್ತರ ಅಜಾಗರೂಕತೆ ಅಷ್ಟೆ. ಅಷ್ಟು ಸಾಮಾನ್ಯ ವಿವೇಕ ನಮ್ಮ ಪಾಲಿಗೂ ಸಿಗಲೆಂದೇ ನಮ್ಮ ಕೋರಿಕೆ. ಆ ವರ್ಷದ ಆಗಸ್ಟ್‌ನಲ್ಲಿ ಬಾಂಬೆ ಹೈಕೋರ್ಟಿನ ಔರಂಗಾಬಾದ್ ಪೀಠ ವಿದೇಶಿ ತಬ್ಲೀಗಿಗಳ ಮೇಲಿನ ಪ್ರಕರಣಗಳನ್ನು ರದ್ದುಪಡಿಸುತ್ತ ಅವರನ್ನು ಬಲಿಪಶುಗಳನ್ನಾಗಿ ಮಾಡಲಾಗಿದೆ ಎಂದಿತು. 2025ರ ಜುಲೈನಲ್ಲಿ ದೆಹಲಿ ಹೈಕೋರ್ಟ್ 70 ಮಂದಿ ಭಾರತೀಯರ ಮೇಲಿನ ಆರೋಪಪಟ್ಟಿಗಳನ್ನೂ ರದ್ದುಪಡಿಸಿತು. ಐದು ವರ್ಷ! ಸುಳ್ಳು ಹರಡಲು ಒಂದು ಸಂಜೆ ಸಾಕಾಗಿತ್ತು.

ಈಗ ಕಹಿ ಭಾಗ. ‘ಭಗ್ವಾ ಲವ್ ಟ್ರ್ಯಾಪ್’ ಎಂಬ ಸಂದೇಶ ನಿಮ್ಮ ಫೋನಿಗೂ ಬಂದಿರಬಹುದು. ಹಿಂದೂ ಯುವಕರಿಗೆ ಹಣ ಕೊಟ್ಟು ಮುಸ್ಲಿಮ್ ಹುಡುಗಿಯರ ಹಿಂದೆ ಬಿಡಲಾಗಿದೆಯಂತೆ, ಲಕ್ಷಾಂತರ ಮಂದಿ ಧರ್ಮ ಬಿಟ್ಟಿದ್ದಾರಂತೆ. ಕನ್ನಡಿಯಲ್ಲಿ ಬಲಗೈ ಎಡಗೈಯಾಗಿದೆ, ಮುಖ ಅದೇ. 2023ರ ಮೇನಲ್ಲಿ ಚಿಕ್ಕಬಳ್ಳಾಪುರದಲ್ಲಿ ಹಿಂದೂ ಸ್ನೇಹಿತನೊಂದಿಗೆ ತಿಂಡಿ ತಿನ್ನಲು ಕುಳಿತಿದ್ದ ಮುಸ್ಲಿಮ್ ಯುವತಿಗೆ ಕಿರುಕುಳ ಕೊಟ್ಟವರು ಮುಸ್ಲಿಮ್ ಯುವಕರೇ. ಮಂಗಳೂರಿನಲ್ಲಿ ಅದು ಗೂಂಡಾಗಿರಿಯಾಗಿದ್ದರೆ ಚಿಕ್ಕಬಳ್ಳಾಪುರದಲ್ಲಿ ದೀನಿನ ಸೇವೆ ಹೇಗಾದೀತು? ಮದ್ರಸಾದಲ್ಲಿ ನಾವು ಓದಿದ ‘ಇಫ್ಕ್’ ಘಟನೆ ಇದೇ ಅಲ್ಲವೇ? ಹಝ್ರತ್ ಆಯಿಶಾ(ರ)ರ ಮೇಲಿನ ಅಪವಾದವನ್ನು ಹುಟ್ಟಿಸಿದವನು ಕಪಟವಿಶ್ವಾಸಿ ಅಬ್ದುಲ್ಲಾ ಬಿನ್ ಉಬಯ್ಯ್. ಆದರೆ ಅದನ್ನು ಬಾಯಿಂದ ಬಾಯಿಗೆ ಸಾಗಿಸಿದವರಲ್ಲಿ ಪ್ರಾಮಾಣಿಕ ವಿಶ್ವಾಸಿಗಳೂ ಇದ್ದರು. ಸೂರಃ ಅನ್ನೂರ್ ಅವರನ್ನು ಸುಮ್ಮನೆ ಬಿಡಲಿಲ್ಲ. ನಾಲ್ವರು ಸಾಕ್ಷಿಗಳನ್ನು ತರದೆ ಸ್ತ್ರೀಯ ಶೀಲದ ಬಗ್ಗೆ ನಾಲಗೆ ಹರಿಬಿಟ್ಟವನಿಗೆ 80 ಛಡಿಯೇಟುಗಳ ಶಿಕ್ಷೆ ಗೊತ್ತಾಯಿತು. ಹುಡುಗಿಯ ಫೋಟೊವನ್ನು ಗುಂಪಿನಿಂದ ಗುಂಪಿಗೆ ಕಳಿಸುವ ನಮ್ಮ ಯುವಕರು ಆ ನಾಲ್ವರನ್ನು ಎಲ್ಲಿಂದ ತರುತ್ತಾರೆ?

ಮೋಹನನ ಬಲೆ ಯಾವುದರಿಂದ ನೇಯಲ್ಪಟ್ಟಿತ್ತು ಎಂಬುದನ್ನು ಮರೆಯಬೇಡಿ. ‘ವರದಕ್ಷಿಣೆ ಬೇಡ’ ಎಂಬ ಎರಡು ಪದಗಳಿಂದ. ನಮ್ಮಲ್ಲಿ ಮಹರ್ ಕೊಡಬೇಕಾದವನು ‘ಜೋಡೆ ಕಿ ರಖಮ್’ ಕೇಳುತ್ತಾನೆ. ಹಾಸುಗಲ್ಲಿನ ಗಣಿಯಲ್ಲಿ, ಸಿಮೆಂಟ್ ಕಾರ್ಖಾನೆಯಲ್ಲಿ ದುಡಿಯುವ ತಂದೆ ಅದನ್ನು ಎಲ್ಲಿಂದ ತಂದಾನು? ಮೂವತ್ತು ದಾಟಿದರೂ ಮನೆಯಲ್ಲಿ ಕುಳಿತಿರುವ ಹೆಣ್ಣುಮಕ್ಕಳು ಈ ಐದೂ ಊರುಗಳ ಮೊಹಲ್ಲಾಗಳಲ್ಲಿ ಎಷ್ಟಿದ್ದಾರೆಂದು ಮಸೀದಿ ಸಮಿತಿಗಳು ಒಮ್ಮೆ ಎಣಿಸಲಿ. ರಖಮ್ ಪಡೆದ ಮದುವೆಗೆ ನಿಕಾಹ್ ಓದಿಸಲು ಬರುವುದಿಲ್ಲವೆಂದು ಖಾಝಿಗಳು ಮುಂದಿನ ಜುಮಾದಲ್ಲೇ ಹೇಳಬಹುದು, ಅದಕ್ಕೆ ಯಾವ ಸರಕಾರದ ಅಪ್ಪಣೆಯೂ ಬೇಕಿಲ್ಲ.

ನನಗೆ ಕೊಟ್ಟ ಸಮಯ ಮುಗಿಯಿತು. ಪ್ರಶ್ನೆಗಳಿದ್ದರೆ ಕೇಳಬಹುದು. ಮೊದಲು ಪರದೆಯ ಆಚೆ ಕುಳಿತಿರುವ ಸಹೋದರಿಯರು ಕೇಳಲಿ.