ನಿರ್ಣಯದ ಪಾಠ: ಸೊಲ್ಲಾಪುರ, ಮೇ 1930



ಆಧುನಿಕ ಜಗತ್ತಿನ ಇತಿಹಾಸವನ್ನು ಕಲಿಸುವಾಗ ರಾಜಕೀಯ ಹಾಗೂ ಸೈನಿಕ ನಿರ್ಣಯಗಳು ಇಸವಿಗಳ ಯಾದಿಯಾಗಿಬಿಡುವುದುಂಟು. 1914ರ ಜುಲೈ ತಿಂಗಳಲ್ಲಿ ಆಸ್ಟ್ರಿಯಾ-ಹಂಗೇರಿಯು ಸರ್ಬಿಯಾಕ್ಕೆ 48 ಗಂಟೆಗಳ ಗಡುವು ನೀಡಿತು. 1945ರ ಆಗಸ್ಟ್ 6ರಂದು ಹಿರೋಶಿಮಾದ ಮೇಲೆ ಅಣುಬಾಂಬು ಬಿತ್ತು. ವಿದ್ಯಾರ್ಥಿಯು ಇವನ್ನು ಬಾಯಿಪಾಠ ಮಾಡುತ್ತಾನೆ. ಇವುಗಳ ಹಿಂದೆ ಮನುಷ್ಯರೇ ಕುಳಿತು ಒಂದು ದಾರಿಯನ್ನು ಆಯ್ದು ಇನ್ನೊಂದನ್ನು ಬಿಟ್ಟರೆಂಬುದು ಮಾತ್ರ ಅವನ ಮನಸ್ಸಿಗೆ ತಟ್ಟುವುದಿಲ್ಲ. ಸೊಲ್ಲಾಪುರ ಜಿಲ್ಲೆಯ ಕನ್ನಡ ಶಾಲೆಗಳಿಗೆ ಅದನ್ನು ತಿಳಿಸಬಲ್ಲ ಪ್ರಸಂಗವು ಊರಿನಲ್ಲಿಯೇ ಇದೆ.

1930ರ ಮೇ 4ರ ನಡುರಾತ್ರಿ ಸರಕಾರವು ಗಾಂಧೀಜಿಯವರನ್ನು ಬಂಧಿಸಿತು. ಅದಕ್ಕೆ ಆಧಾರವಾದದ್ದು 1827ರ ಹಳೆಯ ನಿಯಮ. ಅದರಂತೆ ವಿಚಾರಣೆಯ ಅಗತ್ಯವಿರಲಿಲ್ಲ. ಇದು ಮೊದಲನೆಯ ನಿರ್ಣಯ. ಸುದ್ದಿ ತಲುಪಿದೊಡನೆ ಸೊಲ್ಲಾಪುರದ ಗಿರಣಿ ಕಾರ್ಮಿಕರು ಕೆಲಸ ಬಿಟ್ಟು ಬೀದಿಗಿಳಿದರು. ಮೇ 8ರಂದು ಸಿಂದಿ ಮರಗಳನ್ನು ಕಡಿಯುತ್ತಿದ್ದವರ ಬಂಧನದಿಂದ ಜನ ಕೆರಳಿದರು. ಪೊಲೀಸರು ಗುಂಡು ಹಾರಿಸಿದರು. ಇದು ಎರಡನೆಯದು. ರೊಚ್ಚಿಗೆದ್ದ ಗುಂಪು ಪೊಲೀಸ್ ಚೌಕಿಯನ್ನು ಸುಟ್ಟಿತು. ಇಬ್ಬರು ಪೊಲೀಸರು ಪ್ರಾಣ ಕಳೆದುಕೊಂಡರು. ಕೆಲವು ದಿನ ಪೊಲೀಸರಿಲ್ಲದ ಊರಿನ ವ್ಯವಸ್ಥೆಯನ್ನು ಸ್ವಯಂಸೇವಕರು ನೋಡಿಕೊಂಡರು. ಮೇ 12ರಂದು ಮೂರನೆಯ ನಿರ್ಣಯ ಬಂತು: ಮಾರ್ಷಲ್ ಲಾ, ಅಂದರೆ ಲಷ್ಕರಿ ಆಡಳಿತ. ಗಾಂಧಿ ಟೋಪಿ ಧರಿಸುವುದೂ ಆಗ ಅಪರಾಧವಾಯಿತು.

ಪೊಲೀಸರ ಕೊಲೆಯ ಆರೋಪದ ಮೇಲೆ ಮಲ್ಲಪ್ಪ ಧನಶೆಟ್ಟಿ, ಶ್ರೀಕಿಸನ್ ಸಾರಡಾ, ಜಗನ್ನಾಥ ಶಿಂದೆ, ಕುರ್ಬಾನ್ ಹುಸೇನ್ ಎಂಬ ನಾಲ್ವರನ್ನು 1931ರ ಜನವರಿ 12ರಂದು ಯರವಡಾ ಸೆರೆಮನೆಯಲ್ಲಿ ಗಲ್ಲಿಗೇರಿಸಲಾಯಿತು. ಹಲವು ಭಾಷೆಗಳ ಊರಿನಲ್ಲಿ ಹಲವು ಸಮುದಾಯಗಳ ನಾಲ್ವರು ಒಂದೇ ದಿನ ಮಡಿದರು. ಅವರ ಪ್ರತಿಮೆಗಳ ಮುಂದೆಯೇ ಎಷ್ಟೋ ಮಕ್ಕಳು ಹಾದುಹೋಗುತ್ತಾರೆ.

ತರಗತಿಯಲ್ಲಿ ಪ್ರತಿಯೊಂದು ನಿರ್ಣಯಕ್ಕೂ ನಾಲ್ಕು ಪ್ರಶ್ನೆಗಳನ್ನು ಕೇಳಿಸಬೇಕು. ನಿರ್ಣಯಿಸಿದವರು ಯಾರು? ಆ ಹೊತ್ತಿಗೆ ಅವರಿಗೆ ಏನು ಗೊತ್ತಿತ್ತು? ಬೇರೆ ಯಾವ ದಾರಿಯಿತ್ತು? ಫಲವನ್ನು ಉಂಡವರು ಯಾರು? ಉತ್ತರವನ್ನು ಶಿಕ್ಷಕನೇ ಹೇಳಿಕೊಡಲಾಗದು. ಹುತಾತ್ಮರನ್ನು ಗೌರವಿಸುವ ಮಗುವು ಮಡಿದ ಪೊಲೀಸರಿಗೂ ಮನೆಮಂದಿ ಇದ್ದರೆಂದು ಹೇಳಿದರೆ ಅದನ್ನು ತಡೆಯಬಾರದು. ಇತಿಹಾಸದ ಪಾಠವು ಘೋಷಣೆಯಾಗದೆ ವಿವೇಕವಾಗುವುದು ಅಲ್ಲಿಯೇ.

ಅಕ್ಕಲಕೋಟೆಯ ಶಾಲೆಗಳಲ್ಲಿ ಇನ್ನೊಂದು ಪ್ರಶ್ನೆಯನ್ನು ಸೇರಿಸಬಹುದು. ಸೊಲ್ಲಾಪುರದಿಂದ ಸುಮಾರು 40 ಕಿಲೋಮೀಟರ್ ದೂರದ ಆ ಊರು ಆಗ ಭೋಸಲೆ ಮನೆತನದ ಸಂಸ್ಥಾನದ ರಾಜಧಾನಿ; ಸಂಸ್ಥಾನವು ಮುಂಬಯಿ ಪ್ರಾಂತದಲ್ಲಿ ವಿಲೀನವಾದದ್ದು 1948ರಲ್ಲಿ. ಹತ್ತಿರದ ಎರಡು ಊರುಗಳಲ್ಲಿ ಎರಡು ಬಗೆಯ ಆಡಳಿತವಿದ್ದಾಗ ಯಾರ ಆಜ್ಞೆ ಎಲ್ಲಿಯವರೆಗೆ ನಡೆಯುತ್ತಿತ್ತು? ಅಧಿಕಾರದ ಎಲ್ಲೆಯೆಂಬ ಕಠಿಣ ವಿಷಯವು ಈ ಪ್ರಶ್ನೆಯಿಂದ ಸುಲಭವಾಗುತ್ತದೆ.

ಬಳಿಕ ಅದೇ ನಾಲ್ಕು ಪ್ರಶ್ನೆಗಳೊಡನೆ ಮಕ್ಕಳನ್ನು 1914ಕ್ಕೂ 1945ಕ್ಕೂ ಕರೆದೊಯ್ಯಬೇಕು. ತನ್ನ ಓಣಿಯಲ್ಲಿ ನಡೆದ ನಿರ್ಣಯವನ್ನು ತೂಗಿ ನೋಡಿದ ಮಗುವಿಗೆ ವಿಯೆನ್ನಾದ ನಿರ್ಣಯವೂ ವಾಷಿಂಗ್ಟನ್ನಿನ ನಿರ್ಣಯವೂ ಪರಕೀಯವೆನಿಸವು. ನಾಳೆ ಮತ ಹಾಕುವ ನಾಗರಿಕನಿಗೆ, ಅಧಿಕಾರಿಯಾಗಿ ಸಹಿ ಮಾಡುವವನಿಗೆ, ಬೇಕಾದದ್ದು ಈ ತೂಗುವ ಅಭ್ಯಾಸವೇ. ಅದನ್ನು ತಾಯ್ನುಡಿಯಲ್ಲಿ ಕಲಿಸುವ ಅವಕಾಶ ಕನ್ನಡ ಶಾಲೆಯ ಶಿಕ್ಷಕರಿಗಿದೆ.